ಬಿಸಿ ಓಣಿ

ಬಿಸಿ ಓಣಿಗೆ ಹೋಗುವ ಮುನ್ನ ಶೇಖವ್ವ ಹೊಟ್ಟೆ ತುಂಬ ನೀರು ಕುಡಿಯುತ್ತಿದ್ದಳು. ಒಳಗೆ ಬಾಟ್ಲಿ ಒಯ್ಯುವಂತಿಲ್ಲ. ಒಂದು ಹನಿ ಬಿದ್ದರೂ ಯಂತ್ರ ಕೆಟ್ಟೀತೆಂದು ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುತ್ತಿದ್ದರು. ಫೋನನ್ನೂ ಅಲ್ಲೇ ಬಿಡಬೇಕು.

ಹೂಡಿಯ ಆ ಐದಂತಸ್ತಿನ ಗಾಜಿನ ಕಟ್ಟಡದ ತುಂಬ ಇದ್ದದ್ದು ಸರ್ವರುಗಳು. ಜನ ಫೋನಿನಲ್ಲಿ ನೋಡುವುದೆಲ್ಲ ಇವುಗಳ ಹೊಟ್ಟೆಯಿಂದಲೇ ಬರುತ್ತದಂತೆ. ಬೇಡಿಕೆ ಏರಿತೆಂದು ಬೇಸಿಗೆಗೆ ಮುಂಚೆ ಹೊಸ ಯಂತ್ರಗಳನ್ನು ತಂದು ಸಾಲಾಗಿ ನಿಲ್ಲಿಸಿದರು. ಇವು ಕರೆಂಟು ಕಡಿಮೆ ತಿನ್ನುತ್ತವೆ, ಸೆಕೆಯನ್ನೂ ತಡೆದುಕೊಳ್ಳುತ್ತವೆ. ಹಾಗಾಗಿ ಏಸಿ ತಗ್ಗಿಸಿದರು. ಕರೆಂಟು ಉಳಿಸಿದ್ದಕ್ಕೆ ಕಂಪನಿಗೆ ಪ್ರಶಸ್ತಿ ಬಂತು, ಗುತ್ತಿಗೆಯ ಹೆಂಗಸರಿಗೆ ಒಂದೊಂದು ಲಾಡು ಸಿಕ್ಕಿತು. ಯಂತ್ರ ಸೆಕೆ ತಡೆಯುತ್ತದೆ ಸರಿ, ಅದರ ಬೆನ್ನಿನ ಧೂಳು ಒರೆಸುವವಳು ತಡೆಯುತ್ತಾಳೆಯೇ ಎಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ.

ಸಾಲಿನ ಮುಂದೆ ತಂಪು, ಹಿಂದೆ ಯಂತ್ರಗಳು ಉಗುಳುವ ಬಿಸಿ. ಎರಡೂ ಬೆರೆಯಬಾರದೆಂದು ಹಿಂಬದಿಗೆ ಗಾಜಿನ ಬಾಗಿಲು ಹಾಕಿ, ಯಂತ್ರಗಳ ನಡುವಿನ ಕಂಡಿಗಳಿಗೆ ಕರಿ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿದ್ದರು. ಲಿಂಗಸುಗೂರು ಕಡೆಯಿಂದ ಕ್ಲೀನಿಂಗಿಗೆ ಬಂದ ಹೆಂಗಸರು ಆ ಜಾಗಕ್ಕೆ ಬಿಸಿ ಓಣಿ ಎಂದು ಹೆಸರಿಟ್ಟರು. ಒಳಗಿನಿಂದಾಗಲಿ ಹೊರಗಿನಿಂದಾಗಲಿ ಬಾಗಿಲು ತೆರೆಯುವ ಕಾರ್ಡು ಸೂಪರ್‌ವೈಸರ್ ಲಿಖಿತನ ಕೊರಳಲ್ಲಿ. ತಾಸಿಗೆ ಒಂದೇ ಸಲ ತೆಗೆಯಬೇಕೆಂದು ಅವನಿಗೆ ಮೇಲಿನಿಂದ ಅಪ್ಪಣೆ.

ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಶೇಖವ್ವನನ್ನೂ ಅವಳ ನೆಗೆಣ್ಣಿ ಸಿದ್ದಕ್ಕನನ್ನೂ ಅವನು ಒಳಗೆ ಬಿಟ್ಟ.

"ಸಾರ್, ಯಕ್ಕಗ ಮೈಯಾಗ ಚೊಲೋ ಇಲ್ರಿ. ಅರ್ಧ ತಾಸಿಗೆ ತಗೀರಿ," ಎಂದಳು ಶೇಖವ್ವ.

"ಆಗಲ್ಲ ಕಣಮ್ಮ. ಬಾಗ್ಲು ತೆಗೆದ್ರೆ ಮೇಲೆ ಸ್ಕ್ರೀನಲ್ಲಿ ಕಾಣ್ಸತ್ತೆ. ಬೇಗ ಒರೆಸ್ರಿ, ಬಂದ್ಬಿಡ್ತೀನಿ."

ಬಾಗಿಲು ಮುಚ್ಚಿತು.

ಇಪ್ಪತ್ತು ನಿಮಿಷಕ್ಕೆ ಸಿದ್ದಕ್ಕನ ಕೈಯಿಂದ ಬಟ್ಟೆ ಜಾರಿತು. "ತಲಿ ತಿರುಗಾಕತ್ತೈತಿ, ಶೇಖೀ," ಎಂದವಳೇ ಕುಸಿದಳು. ಮೈ ಕಾದ ಹೆಂಚಿನಂತಿತ್ತು, ಬೆವರೇ ಇರಲಿಲ್ಲ. ಶೇಖವ್ವ ಗಾಜು ಬಡಿದಳು. ಕೂಗಿದಳು. ಫ್ಯಾನುಗಳ ಗದ್ದಲದಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ತಲೆಯ ಮೇಲಿನ ಕ್ಯಾಮೆರಾಕ್ಕೆ ಕೈಮುಗಿದಳು. ಯಾರೂ ಬರಲಿಲ್ಲ.

ಆಚೆ ತಂಪಿನ ಕಡೆ ಯಾರಾದರೂ ಇರಬಹುದೆಂದು ಒಂದು ಕರಿ ಪಟ್ಟಿ ಕಿತ್ತು, ಕಂಡಿಗೆ ಬಾಯಿಟ್ಟು ಕೂಗಿದಳು. ಇನ್ನೊಂದು ಕಿತ್ತಳು. ಆರು ಕಿತ್ತಳು. ಬಿಸಿಗಾಳಿ ಆ ಕಡೆಗೆ ನುಗ್ಗಿತು. ಎಲ್ಲೋ ಸೈರನ್ ಹೊಡೆದುಕೊಳ್ಳತೊಡಗಿತು.

ಎರಡೇ ನಿಮಿಷ. ನಾಲ್ವರು ಓಡಿ ಬಂದರು. ಮ್ಯಾನೇಜರ್ ಅಮರೇಶ್ ಎಲ್ಲರಿಗಿಂತ ಮುಂದಿದ್ದರು. ನೆಲದ ಮೇಲಿದ್ದ ಸಿದ್ದಕ್ಕನನ್ನು ದಾಟಿ ಹೋಗಿ ಯಂತ್ರದ ಬೆನ್ನು ಮುಟ್ಟಿ ನೋಡಿದರು.

"ಯಾವ್ದಾದ್ರೂ ಆಫ್ ಆಯ್ತೇನ್ರೀ?"

"ಇಲ್ಲ ಸಾರ್," ಎಂದ ಲಿಖಿತ.

"ಸದ್ಯ, ಉಳೀತು!"

ಶೇಖವ್ವ ಸಿದ್ದಕ್ಕನ ತಲೆಯನ್ನು ತೊಡೆಯ ಮೇಲೆತ್ತಿಕೊಂಡು ಚೀರಿದಳು. "ಸಾಹೇಬ್ರ, ಇಲ್ಲಿ ಜೀವ ಹೊಂಟೈತ್ರಿ!"

ಆಸ್ಪತ್ರೆಯಲ್ಲಿ ಮೂರು ದಿನವಾದರೂ ಸಿದ್ದಕ್ಕ ಕಣ್ಣು ತೆರೆಯಲಿಲ್ಲ. ಕಂಪನಿಯ ವರದಿಯನ್ನು ಲಿಖಿತನೇ ಓದಿ ಹೇಳಿದ: ಕ್ಲೀನಿಂಗ್ ಸಿಬ್ಬಂದಿಯ ಅಜಾಗರೂಕತೆಯಿಂದ ತಾಪಮಾನ ಮೂರು ನಿಮಿಷ ಏರಿತ್ತು, ಯಾವ ಹಾನಿಯೂ ಆಗಿಲ್ಲ. ಸಿದ್ದಕ್ಕನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ನಾಲ್ಕನೆಯ ದಿನ ಏಳು ಮಂದಿ ಹೆಂಗಸರು ಬಿಸಿ ಓಣಿಯ ಬಾಗಿಲಿಗೆ ಬಂದು ನಿಂತರು. ಶೇಖವ್ವ ಗಾಜಿನಲ್ಲಿ ಇಣುಕಿದಳು. ಕರಿ ಪಟ್ಟಿಗಳ ಮೇಲೆಲ್ಲ ಹೊಸ ಸ್ಕ್ರೂಗಳು. ಒಂದೊಂದಕ್ಕೆ ನಾಲ್ಕು.

"ಇದೇನ್ರಿ ಸಾರ್?"

"ಇನ್ಮೇಲೆ ಯಾರೂ ಕೀಳೋ ಹಾಗಿಲ್ಲ. ಆರ್ಡರ್ರು." ಲಿಖಿತ ಮುಖ ಕೊಡಲಿಲ್ಲ. ಕಾರ್ಡು ಒತ್ತಿ ಬಾಗಿಲು ತೆಗೆದ. "ಹೋಗ್ರಮ್ಮ, ಬೇಗ."

ಒಳಗಿನ ಬಿಸಿ ಮುಖಕ್ಕೆ ಬಡಿಯಿತು. ಯಾರೂ ಕದಲಲಿಲ್ಲ. ಇನ್ನು ಒಳಗೆ ಬಿದ್ದವರ ಕೂಗು ಯಾವ ಕಂಡಿಯಿಂದಲೂ ಹೊರಗೆ ಬರುವುದಿಲ್ಲವೆಂದು ಏಳೂ ಮಂದಿಗೆ ತಿಳಿದುಹೋಗಿತ್ತು. ಶೇಖವ್ವ ಧೂಳೆಳೆಯುವ ಮಷಿನನ್ನು ತಳ್ಳಿಕೊಂಡು ಹೋಗಿ ಹೊಸ್ತಿಲಿಗೆ ಅಡ್ಡ ನಿಲ್ಲಿಸಿದಳು. ಪಕ್ಕದಲ್ಲಿ ತಾನೂ ಕುಕ್ಕರಿಸಿದಳು. ಎಲ್ಲರಿಗಿಂತ ಹಿರಿಯಳಾದ ರಾಮಮ್ಮ ಮಂಡಿ ಹಿಡಿದುಕೊಂಡು ಬಂದು ಅವಳ ಮಗ್ಗುಲಲ್ಲಿ ಕೂತಳು. ಉಳಿದವರೂ ಕೂತರು.

"ಏಯ್, ಏನ್ ಮಾಡ್ತಿದೀರಾ? ಬಾಗ್ಲು ಹಾಕ್ಬೇಕು! ಈಗ ಸೈರನ್ ಹೊಡ್ಕೊಳತ್ತೆ!"

"ಹೊಡ್ಕೊಳ್ಲಿ ಬಿಡ್ರಿ," ಎಂದಳು ಶೇಖವ್ವ. "ನಾವು ಕೂಗಿದ್ರ ಯಾರೂ ಬರಂಗಿಲ್ಲ. ಅದು ಕೂಗಿದ್ರ ಎಲ್ಲಾರೂ ಬರ್ತಾರ."

ಸೈರನ್ ಶುರುವಾಯಿತು. ಮೆಟ್ಟಿಲ ಕಡೆಯಿಂದ ಬೂಟುಗಳ ಸದ್ದು ಓಡೋಡಿ ಬಂತು. ಹೆಂಗಸರು ಏಳಲಿಲ್ಲ.