ಹೆಸರು ಹುಡುಕುವ ಪಾಠ

"ಈಗ ಮೇಲ್ಗಡೆ ಹುಡುಕೋ ಜಾಗದಲ್ಲಿ ನಿಮ್ಮ ನಿಮ್ಮ ಹೆಸರು ಹಾಕಿ," ಎಂದಳು ಜೋಲೀನ್. "ನಿಮ್ಮ ಹೆಸರಿರೋ ಫೈಲು ಎಲ್ಲೇ ಅಡಗಿರಲಿ, ಎದುರಿಗೆ ಬಂದು ಕೂತ್ಕೊಳ್ಳುತ್ತೆ."

ಅಮೆರಿಕದ ನೆಬ್ರಾಸ್ಕಾದಲ್ಲಿ ಫೆಬ್ರವರಿ ತಿಂಗಳ ಒಂದು ಸೋಮವಾರ. ಮಕ್ಕಳಿಗೆ ರಜೆ, ಟೀಚರುಗಳಿಗೆ ತರಬೇತಿ. ಶಾಲೆಯ ಲೈಬ್ರರಿಯಲ್ಲಿ ಹತ್ತೊಂಬತ್ತು ಜನ ಎಂಟು ವರ್ಷದ ಮಕ್ಕಳ ಕುರ್ಚಿಗಳಲ್ಲಿ ಹೇಗೋ ತುರುಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದರು. ಮಧ್ಯಾಹ್ನಕ್ಕೆ ಚಿಲಿ ಎಂಬ ಬೀನ್ಸು-ಮಾಂಸದ ಖಾರದ ಸಾರು, ಜೊತೆಗೆ ದಾಲ್ಚಿನ್ನಿ ರೋಲು ಎಂದು ಗೊತ್ತಿದ್ದರಿಂದ ಅರ್ಧ ಜನರ ಜೀವ ಅಡುಗೆಮನೆಯ ಕಡೆಗೇ ಇತ್ತು.

ಶಾಲಾ ಜಿಲ್ಲೆಯ ಆರು ಶಾಲೆಗಳ ಟೀಚರುಗಳಿಗೆ ಕಂಪ್ಯೂಟರ್ ಬಳಸುವುದನ್ನು ಕಲಿಸುವ ಕೋಚ್ ಈ ಜೋಲೀನ್. ಕ್ಲಾಸಿಗೆ ಹೋಗಿ ಪಕ್ಕದಲ್ಲಿ ಕುಳಿತು ಹೇಳಿಕೊಡಬೇಕು. ಅಲ್ಲಿ ಕಂಡದ್ದನ್ನು ಮೇಲಿನವರ ಕಿವಿಗೆ ಹಾಕಕೂಡದು. ಕೋಚ್ ಎಂದರೆ ಇನ್‌ಸ್ಪೆಕ್ಟರ್ ಅಲ್ಲ. ಈ ಮಾತನ್ನು ಪ್ರತಿ ಕ್ಲಾಸಿನ ಬಾಗಿಲಲ್ಲೂ ಹೇಳಿಯೇ ಅವಳು ಒಳಗೆ ಕಾಲಿಡುತ್ತಿದ್ದಳು.

"ನನ್ನದು ಒಂದೇ ಒಂದು ಬಂದಿದೆ ಕಣೇ," ಎಂದರು ಕಿಟಕಿ ಪಕ್ಕದ ವರ್ನಾ ಸ್ಟ್ರೂಬ್. ಮೂವತ್ತೊಂದು ವರ್ಷದಿಂದ ಮೂರನೇ ಕ್ಲಾಸಿಗೆ ಪಾಠ ಹೇಳುತ್ತಿರುವವರು. ಜೋಲೀನ್ ಕೂಡ ಚಿಕ್ಕವಳಿದ್ದಾಗ ಅವರ ಕ್ಲಾಸಿನಲ್ಲೇ ಕಲಿತವಳು. ಇವತ್ತಿಗೂ ಅವರ ಮೊದಲ ಹೆಸರು ಅವಳ ಬಾಯಿಗೆ ಬಾರದು. "ತೆಗೀಲಾ? ಆಮೇಲೆ ಊರಿಗೆಲ್ಲಾ ಕರೆಂಟು ಹೋದರೆ ನನ್ನ ತಲೆಗೆ ಕಟ್ಟಬೇಡ."

"ತೆಗೀರಿ ಮಿಸೆಸ್ ಸ್ಟ್ರೂಬ್. ಏನೂ ಆಗಲ್ಲ."

"ಹೋದ ಸಲಾನೂ ಹೀಗೇ ಹೇಳಿದ್ದಳು," ಎಂದಳು ಪಕ್ಕದ ಬೆವ್. "ಇವರ ಹಾಜರಿ ಪಟ್ಟಿ ತಲೆಕೆಳಗಾಗಿ ನಿಂತಿತ್ತು."

ನಗುತ್ತಲೇ ವರ್ನಾ ಫೈಲು ತೆರೆದರು. ಓದುತ್ತಾ ಓದುತ್ತಾ ಅವರ ನಗು ಆರಿತು. ಏನೋ ತಪ್ಪು ಒತ್ತಿರಬೇಕೆಂದು ಜೋಲೀನ್ ಹಿಂದೆ ಬಂದು ಬಗ್ಗಿ ನೋಡಿದಳು.

ಮುಂದಿನ ವರ್ಷಕ್ಕೆ ಕಡಿತಗೊಳಿಸಬೇಕಾದ ಹುದ್ದೆಗಳು, ಕರಡು, ಗುರುವಾರ ಶಾಲಾ ಮಂಡಳಿಯ ಮುಂದೆ. ನಾಲ್ಕು ಹೆಸರು. ಮೂರನೆಯದು ವರ್ನಾ ಸ್ಟ್ರೂಬ್. ಎದುರಿಗೆ ಕಾರಣ: 'ಹೊಸದಕ್ಕೆ ಒಗ್ಗುತ್ತಿಲ್ಲ. ಒಂದನ್ನೇ ಆರು ಸಲ ಹೇಳಬೇಕು. ಗಾಬರಿಯಾಗಿ ಅತ್ತರು. ಕೆಂಪು.'

ಜೋಲೀನ್ ಆ ಸಾಲನ್ನು ಮತ್ತೊಮ್ಮೆ ಓದಿದಳು. ಮಾತು ಅವಳದೇ. ಅಕ್ಷರ ಅಕ್ಷರವೂ ಅವಳದೇ.

ಕಳೆದ ವರ್ಷ ಕೋಚ್ ಯಾಕೆ ಬೇಕು ಎಂಬ ಪ್ರಶ್ನೆ ಎದ್ದಾಗ, ತಾನು ಕೂತು ತಿನ್ನುತ್ತಿಲ್ಲ ಎಂದು ತೋರಿಸಲು ಅವಳು ಪ್ರತಿ ಭೇಟಿಗೂ ಎರಡು ಸಾಲು ಬರೆದಿಟ್ಟಿದ್ದಳು. ಕೆಂಪು ಎಂದರೆ ಹೆಚ್ಚು ಸಲ ಹೋಗಬೇಕಾದವರು, ಅಷ್ಟೇ. ಕಚೇರಿಯವರು ಕೇಳಿದ್ದು ಭೇಟಿಗಳ ಸಂಖ್ಯೆ ಮಾತ್ರ. ಅವಳು ಸೋಮಾರಿತನದಿಂದ ಇಡೀ ಹಾಳೆಯನ್ನೇ ಕಳಿಸಿದ್ದಳು. ಈಗ ಅಲ್ಲಿ ಯಾರೋ ಅದರ ಸಾಲುಗಳನ್ನೇ ಎತ್ತಿ ಬರೆದ ಈ ಕರಡನ್ನು ಎಲ್ಲರಿಗೂ ಕಾಣುವ ಜಾಗದಲ್ಲಿಟ್ಟಿದ್ದರು. ಹುಡುಕಲು ಕಲಿಸಿದವಳೂ ಅವಳೇ. ನೆಲ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು.

"ಅವತ್ತು ಬಾಗಿಲು ಹಾಕಿಸಿದ್ದೆ," ಎಂದರು ವರ್ನಾ, ತೆರೆಯಿಂದ ಕಣ್ಣು ತೆಗೆಯದೆ. "ಒಳಗೆ ನಾವಿಬ್ಬರೇ ಇದ್ದದ್ದು."

ಬೆವ್ ಇಣುಕಿ ನೋಡಿದವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಒಂದೊಂದೇ ಮೇಜಿನವರು ಇತ್ತ ತಿರುಗಿದರು.

"ಮಿಸೆಸ್ ಸ್ಟ್ರೂಬ್, ನಿಮ್ಮ ಹತ್ತಿರ ಇನ್ನೊಂದೆರಡು ಸಲ ಜಾಸ್ತಿ ಬರೋಣ ಅಂತ ಬರ್ಕೊಂಡಿದ್ದು ಅದು. ಇದಕ್ಕಲ್ಲ. ದೇವರಾಣೆ ಇದಕ್ಕಲ್ಲ."

"ಇರಬಹುದು. ಇದನ್ನ ಪ್ರಿಂಟ್ ತೆಗೆಯೋದು ಹೇಗೆ?"

ಜೋಲೀನ್ ಬೆರಳು ತೋರಿಸಿದಳು. "ಮೂಲೆಯಲ್ಲಿ ಮೂರು ಚುಕ್ಕಿ ಇದೆಯಲ್ಲ, ಅದನ್ನ ಒತ್ತಿ. ಕೆಳಗೆ ಪ್ರಿಂಟ್ ಅಂತ ಬರುತ್ತೆ. ಅದನ್ನ ಒತ್ತಿ."

ವರ್ನಾ ಒಂದೇ ಸಲಕ್ಕೆ ಮಾಡಿದರು. ಗೋಡೆ ಬದಿಯ ಯಂತ್ರ ಗುರುಗುಟ್ಟಿ ಒಂದು ಹಾಳೆ ಉಗುಳಿತು. ಎದ್ದು ಹೋಗಿ ತಂದು ಮೇಜಿನ ಮೇಲೆ ಹರಡಿ ಅಂಗೈಯಿಂದ ನೇವರಿಸಿದರು.

"ಗುರುವಾರ ಮಂಡಳಿ ಮುಂದೆ ನಾನೂ ಹೋಗಿ ಮಾತಾಡ್ತೀನಿ. ಆದರೆ ಇದರಲ್ಲಿ ಬರೆದವರ ಹೆಸರೇ ಇಲ್ಲವಲ್ಲ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಜೋಲೀನ್ ತಡೆದುಕೊಳ್ಳುತ್ತಿದ್ದಳು. "ಹೆಸರಿಲ್ಲದ ಕಾಗದ ಕ್ಲಾಸಿನಲ್ಲಿ ನಾನು ಯಾವತ್ತೂ ತಗೊಂಡವಳಲ್ಲ. ನೀನು ಹೆಸರು ಬರೀಲೇಬೇಕು ಅಂತೇನಿಲ್ಲ, ಮಗು. ಕೋಚ್ ಹೀಗೆ ಬರೆದು ಕೊಟ್ಟಳು ಅಂತ ಗೊತ್ತಾದರೆ ನಿನ್ನ ಕೆಲಸ ಹೋದರೂ ಹೋಗಬಹುದು."

ಮೇಜಿನ ಮೇಲಿದ್ದ ಹಳದಿ ಪೆನ್ಸಿಲನ್ನು ಹಾಳೆಯ ಪಕ್ಕಕ್ಕೆ ಸರಿಸಿ, ಕೈ ಕಟ್ಟಿ ಕುಳಿತರು. ಹದಿನೆಂಟು ಜನ ನೋಡುತ್ತಿದ್ದರು. ಜೋಲೀನ್ ಪುಟ್ಟ ಕುರ್ಚಿಯೊಂದನ್ನು ಎಳೆದುಕೊಂಡು ಕುಳಿತಳು. ಪೆನ್ಸಿಲನ್ನು ಕೈಗೆತ್ತಿಕೊಂಡು, ಹಾಳೆಯ ಬಲಮೂಲೆಯಲ್ಲಿ ಮೊದಲು ತನ್ನ ಪೂರ್ತಿ ಹೆಸರು, ಅದರ ಕೆಳಗೆ ತಾರೀಖು ಬರೆದಳು.