ಹಗ್ಗದ ಮೇಲಿನ ಬ್ಲ್ಯಾಕ್ ಹೋಲ್

ಹೊತ್ತಿಕೊಳ್ಳುತ್ತಿದ್ದ ಬೆರಣಿಯ ಮೇಲೆ ತಾಜ್ ಪಾಷಾ ಒಂದು ಬಕೆಟ್ ನೀರು ಸುರಿದೇಬಿಟ್ಟರು.

"ಏನ್ರೀ ಸಾಹೇಬ್ರೇ! ಹೆಣದ ಮುಂದೆ ಹೋಗೋ ಬೆಂಕಿ ಅದು!" ಶಾಸ್ತ್ರಿಗಳು ಹೌಹಾರಿದರು.

"ಬೆಂಕಿ ಇನ್ನೊಂದ್ಸಲ ಹಚ್ಚಣ ಸ್ವಾಮಿ. ಅದರೊಳಗೆ ಉರೀತಿರೋದು ನಮ್ಮ ನರಸಿಂಹನ ಬ್ಲ್ಯಾಕ್ ಹೋಲು!"

ತೀರಿಕೊಂಡ ಯೋಗನರಸಿಂಹ ಚಿಂತಾಮಣಿಯ ನಿವೃತ್ತ ಫಿಸಿಕ್ಸ್ ಮೇಷ್ಟ್ರು. ಬ್ಲ್ಯಾಕ್ ಹೋಲಿನ ಲೆಕ್ಕವನ್ನು ಹನ್ನೆರಡು ವರ್ಷ ಬರೆದಿದ್ದ ಹಾಳೆಗಳನ್ನು ಜಗಲಿಯಲ್ಲಿ ಕಟ್ಟಿಟ್ಟಿದ್ದರು. ಬೆಂಕಿ ಹಚ್ಚಲು ಕಾಗದ ಹುಡುಕಿದ ಹಳೆಯ ಶಿಷ್ಯ ಗಂಗರಾಜುವಿನ ಕೈಗೆ ಸಿಕ್ಕಿದ್ದು ಅದೇ ಕಟ್ಟು.

"ರದ್ದಿ ಅನ್ಕೊಂಡೆ ಕಣಮ್ಮಾ..."

ಮೇಷ್ಟ್ರ ಹೆಂಡತಿ ಜಾನಕಮ್ಮ ಬೈಯಲಿಲ್ಲ. "'ಲೆಕ್ಕ ಮುಗೀತು, ಭಾನುವಾರ ನಿಂಗೂ ಅರ್ಥ ಆಗೋ ಹಾಗೆ ಹೇಳ್ತೀನಿ' ಅಂದಿದ್ರು. ಇವತ್ತೇ ಭಾನುವಾರ."

*

ಶಿಡ್ಲಘಟ್ಟದಲ್ಲಿ ಗೆಳೆಯ ಪಾಷಾ ಕುದಿನೀರಲ್ಲಿ ಹಾಕಿದ ಗೂಡಿನಿಂದ ರೇಷ್ಮೆ ಎಳೆಯುವುದನ್ನು ನೋಡುತ್ತಲೇ ಮೇಷ್ಟ್ರಿಗೆ ಈ ಹುಚ್ಚು ಹಿಡಿದಿತ್ತು.

"ತುದಿ ಸಿಕ್ರೆ ಇಡೀ ಗೂಡು ಬಿಚ್ಕೊಳತ್ತೆ. ಬ್ಲ್ಯಾಕ್ ಹೋಲ್‌ಗೆ ಬಿದ್ದಿದ್ದೂ ಹಂಗೇ ಬಿಚ್ಕೋಬೇಕು ಕಣೋ ಪಾಷಾ. ಇಲ್ದಿದ್ರೆ ಯಾವ ಗುರುತೂ ಅಳಿಸಿಹೋಗಲ್ಲ ಅನ್ನೋ ಕ್ವಾಂಟಮ್ ನಿಯಮಕ್ಕೇ ಮರ್ಯಾದೆ ಇಲ್ಲ."

"ಹುಳ ಸತ್ತೋಗತ್ತಲ್ಲಪ್ಪಾ?"

"ಅಲ್ಲೇ ಲೆಕ್ಕ ಸಿಕ್ಕಾಕ್ಕೊಳೋದು."

*

ಬೆಂಕಿಯಿಂದ ಉಳಿದ ಒದ್ದೆ ಹಾಳೆಗಳನ್ನು ಪಾಷಾ ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟರು.

"ಅವರ ಹತ್ರ ಕಲ್ತೋನಲ್ವೇನೋ ನೀನು? ಓದು," ಎಂದರು ಜಾನಕಮ್ಮ.

ಮೂವತ್ತೈದು ನಂಬರಿಗೆ ಪಾಸಾಗಿದ್ದ ಗಂಗರಾಜುವಿಗೆ ಸಮ ಚಿಹ್ನೆ ಬಿಟ್ಟು ಇನ್ನೇನೂ ಗುರುತು ಸಿಗಲಿಲ್ಲ. ಕಾಲೇಜಿನಲ್ಲಿ ಅವನು ಚೆನ್ನಾಗಿ ಕಲಿತದ್ದು ಒಂದೇ, ಮೇಷ್ಟ್ರ ಮೂಗಿನ ದನಿ. ಮೇಷ್ಟ್ರ ಬಾಯಲ್ಲಿ ಆಗಾಗ ಕೇಳಿದ್ದನ್ನು ಸೇರಿಸಿ ಅದನ್ನೇ ಹೊರಡಿಸಿದ.

"ನೋಡು ಜಾನಕೀ... ಬ್ಲ್ಯಾಕ್ ಹೋಲು ಆವಿಯಾಗಿ ಆವಿಯಾಗಿ ಮುಗಿದೋಗತ್ತೆ. ಆದ್ರೆ ಒಳಗೆ ಬಿದ್ದೋರ ಗುರುತು ಆ ಆವಿಯಲ್ಲೇ ಚೂರುಚೂರಾಗಿ ಆಚೆ ಬರತ್ತೆ. ಕೂಡಿಸ್ಕೊಂಡು ಓದಕ್ಕೆ ತಾಳ್ಮೆ ಬೇಕು, ಗೊತ್ತಾಯ್ತೇನು?"

ಶಾಸ್ತ್ರಿಗಳು ಚಟ್ಟದ ಕಡೆ ಒಮ್ಮೆ ತಿರುಗಿ ನೋಡಿ ಖಾತ್ರಿ ಮಾಡಿಕೊಂಡರು.

"ಜಾನಕೀ ಅಂತ ಒಂದಿನಾನೂ ಕರೀಲಿಲ್ಲ ಅವರು," ಎಂದರು ಜಾನಕಮ್ಮ. "'ಇವಳೇ' ಅಂತಿದ್ರು."

ಗಂಗರಾಜು ಗಂಟಲು ಸರಿಮಾಡಿಕೊಂಡ. "ನೋಡು, ಇವಳೇ..."

"ಹ್ಞಾಂ. ಈಗ ಮೊದಲಿಂದ ಹೇಳು."

"ಹೊತ್ತಾಯ್ತಮ್ಮಾ," ಶಾಸ್ತ್ರಿಗಳು ಗೊಣಗಿದರು.

"ಹನ್ನೆರಡು ವರ್ಷ ಕಾದಿದೀನಿ. ನೀವು ಐದು ನಿಮಿಷ ಕಾಯ್ರಿ."

ಗಂಗರಾಜು ಎರಡನೇ ಸಲ ಹೇಳಿ ಮುಗಿಸಿದ ಮೇಲೆಯೇ ಚಟ್ಟ ಎದ್ದಿತು. ಹೊತ್ತವರು ಹಗ್ಗದ ಕೆಳಗೆ ಬಗ್ಗಿ ನಡೆದರು. ಅರೆಸುಟ್ಟ ಹಾಳೆಯೊಂದರಿಂದ ಶಾಯಿನೀರಿನ ಹನಿ ಮೇಷ್ಟ್ರ ಹಣೆಯ ಮೇಲೆ ಬಿತ್ತು. ಒರೆಸಲು ಮುಂದಾದ ಶಾಸ್ತ್ರಿಗಳ ಕೈಯನ್ನು ಜಾನಕಮ್ಮ ಮೆಲ್ಲಗೆ ಪಕ್ಕಕ್ಕೆ ಸರಿಸಿದರು.