ಎರಡನೇ ಪಟ್ಟಿ

ಕಾರಿನ ಕಾರ್ಖಾನೆ ದೊಡ್ಡದಾಗುತ್ತಿದೆ, ಸೀಟು ಹೊಲಿಯಲು ನಾನೂರು ಜನ ಬೇಕಂತೆ ಎಂಬ ಸುದ್ದಿ ಬಂದಾಗ ಅತ್ತೆಗೆ ಅದು ಸೊಸೆಗೆ ತಕ್ಕ ಕೆಲಸ ಅನ್ನಿಸಿತು. ಅತ್ತೆಗೆ ನಲವತ್ತೊಂಬತ್ತು. ಇಪ್ಪತ್ತು ವರ್ಷ ಮುಂದಿನ ಕೋಣೆಯಲ್ಲಿ ಕೂತು ಪರದೆ, ಸಮವಸ್ತ್ರ, ದಿಂಬಿನ ಚೀಲ ಹೊಲಿದವಳು. ಸೊಸೆಗೆ ಹೊಲಿಗೆ ಕಲಿಸಿದವಳೂ ಅವಳೇ. ಲಾರಿ ಓಡಿಸುವ ಮಗ ಮನೆಯಲ್ಲಿ ಇರುತ್ತಿದ್ದುದೇ ಅಪರೂಪ.

ಕಾರ್ಖಾನೆಯ ಹೊಲಿಗೆ ಪರೀಕ್ಷೆಯ ದಿನ ಅತ್ತೆ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಸೊಸೆಯ ಜೊತೆ ಹೊರಟಳು. ಅರ್ಧ ಗಂಟೆಗೇ ಸೊಸೆ ಸಪ್ಪೆ ಮೋರೆ ಹಾಕಿಕೊಂಡು ಹೊರಗೆ ಬಂದಳು.

"ದಪ್ಪ ರೆಕ್ಸಿನ್ನು, ಅತ್ತೆ. ಎರಡು ಸಲ ಸೂಜಿ ಮುರೀತು. ವಯಸ್ಸು ನೋಡಲ್ವಂತೆ, ಕೈ ಪಳಗಿದ್ರೆ ಸಾಕಂತೆ. ನೀವೊಂದು ಕೈ ನೋಡೇಬಿಡಿ."

"ನಿಂಗೆ ತಲೆ ಕೆಟ್ಟಿದೆ."

"ಬಂದಿದ್ದಂತೂ ಬಂದಿದೀವಿ. ಮಗು ಇಲ್ಲಿ ಕೊಡಿ."

ಅತ್ತೆ ಒಳಗೆ ಹೋದಳು. ಮಿಷನ್ನಿನ ವೇಗ ತಗ್ಗಿಸಿ, ಮೂಲೆ ಬಂದಾಗ ಚಕ್ರವನ್ನು ಕೈಯಲ್ಲೇ ತಿರುಗಿಸಿದಳು. ಮೇಲ್ವಿಚಾರಕ ಇನ್ನೊಂದು ತುಂಡು ಮುಂದಿಟ್ಟ. ಅದನ್ನೂ ಹೊಲಿದಳು.

ವಾರದ ಮೇಲೆ ಗೇಟಿನಲ್ಲಿ ಪಟ್ಟಿ ಅಂಟಿಸಿದರು. ಅತ್ತೆಯ ಹೆಸರಿತ್ತು, ಸೊಸೆಯದಿರಲಿಲ್ಲ.

"ಒಳ್ಳೇದಾಯ್ತು" ಎಂದಳು ಸೊಸೆ. ಆದರೆ ಎರಡು ದಿನ ಕೇಳಿದ್ದಕ್ಕಷ್ಟೇ ಉತ್ತರ. ಮೂರನೇ ದಿನ ಅತ್ತೆ ಬಾಯಿಬಿಟ್ಟಳು.

"ನಾನು ಹೋಗಲ್ಲ ಕಣೆ. ನಿನ್ನ ಕೈಯಿಂದ ಕಿತ್ಕೊಂಡ ಹಾಗಾಯ್ತು."

ಪಾತ್ರೆ ಉಜ್ಜುತ್ತಿದ್ದ ಸೊಸೆ ತಿರುಗಿದಳು. "ನೀವು ಬಿಟ್ರೆ ನಂಗೆ ಕೊಡ್ತಾರಾ? ಸಿಟ್ಟು ನಿಮ್ಮೇಲಲ್ಲ, ನನ್ನ ಈ ಹಾಳು ಕೈ ಮೇಲೆ. ಮುಂದಿನ ತಿಂಗಳು ಇನ್ನೂ ಜನ ತಗೋತಾರಂತೆ. ಕಲಿಸಿ. ಈ ಸಲ ಬೈದು ಕಲಿಸಿ."

"ಬೈಯೋದು ಹೇಗೆ ಅಂತ ಯಾರನ್ನಾದ್ರೂ ಕೇಳ್ಕೊಂಡು ಬರ್ಬೇಕಾ ನಾನು?" ಅತ್ತೆಗೆ ನಗು ತಡೆಯಲಾಗಲಿಲ್ಲ.

ಅಭ್ಯಾಸಕ್ಕೆಂದು ಹಳೆಯ ಸೋಫಾದ ರೆಕ್ಸಿನ್ ಹೊದಿಕೆ ಬಿಚ್ಚಿದರು. ಕೆಲಸದಿಂದ ಬಂದವಳೇ ಅತ್ತೆ ಪಕ್ಕದಲ್ಲಿ ಕೂತು, "ಯಾರು ಅಟ್ಟಿಸ್ಕೊಂಡು ಬರ್ತಿದಾರೆ ಅಂತ ಈ ಓಟ?" ಎಂದು ಗದರುತ್ತಿದ್ದಳು. ಮೊದಲ ವಾರ ಆರು ಸೂಜಿ ಮುರಿದವು, ಮೂರನೇ ವಾರ ಒಂದೇ.

ಎರಡನೇ ಪಟ್ಟಿಯಲ್ಲಿ ಸೊಸೆಯ ಹೆಸರು ಕೊನೆಯಿಂದ ನಾಲ್ಕನೆಯದಾಗಿತ್ತು. ಅದನ್ನು ಬೆರಳಿಟ್ಟು ಓದಿದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ಅತ್ತೆಯದು ಬೆಳಗಿನ ಪಾಳಿ, ಸೊಸೆಯದು ಮಧ್ಯಾಹ್ನದ್ದು. ನಡುವೆ ಹದಿನೈದು ನಿಮಿಷ. ಗೇಟಿನ ಹೊರಗೆ ಮಗು ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ಹೋಗುತ್ತದೆ.

"ಹಾಲು ಕುಡಿದಿದಾಳೆ, ನಿದ್ದೆ ಮಾಡಿಲ್ಲ."

"ಆಯ್ತು, ನೀನು ನಡಿ. ಕಿಟಕಿ ಪಕ್ಕದ ಮಿಷನ್ನು ಇವತ್ತು ದಾರ ಎಳೀತಿದೆ, ಅಲ್ಲಿ ಕೂರ್ಬೇಡ."